ರತ್ನಗಂಬಳಿ ತಿರುಗಿಸಿ ನೋಡಿ, ಆಮೇಲೆ ಬೆಲೆ ಕೇಳಿ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಎಲ್ಲೇ ಇದ್ದರೂ ಸರಿ, ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋರಿಗೆ, ಕೆಲಸ ಮುಗಿಸಿ ಮಲಗೋಕೆ ಮುಂಚೆ ಕೇಳ್ತಿರೋರಿಗೆ, ಎಲ್ಲರಿಗೂ ಈ ಸಂಚಿಕೆಗೆ ಸ್ವಾಗತ.

ನಾನು ಓದಿದ್ದು ಬಿ.ಕಾಂ. ಅದರ ಚಾಳಿ ಏನಪ್ಪಾ ಅಂದ್ರೆ, ಯಾವ ವಸ್ತು ನೋಡಿದ್ರೂ ಇದನ್ನ ಮಾಡೋಕೆ ಎಷ್ಟು ಖರ್ಚಾಗಿರುತ್ತೆ, ಅದರಲ್ಲಿ ಯಾರಿಗೆ ಎಷ್ಟು ಸಿಕ್ಕಿರುತ್ತೆ ಅಂತ ಮನಸ್ಸಲ್ಲೇ ಲೆಕ್ಕ ಓಡುತ್ತೆ. ಇವತ್ತು ಆ ಲೆಕ್ಕಕ್ಕೆ ತಗೊಂಡಿರೋ ವಸ್ತು, ಕೈಯಲ್ಲಿ ಕಸೂತಿ ಹಾಕಿದ ಉಣ್ಣೆಯ ನೆಲಹಾಸು. ಆನ್‌ಲೈನಲ್ಲಿ ಹುಡುಕಿ ನೋಡಿ. ಒಂದೇ ಅಳತೆ, ಒಂದೇ ತರಹದ ಹೂವು, ಎರಡರ ಕೆಳಗೂ 'ಹ್ಯಾಂಡ್‌ಮೇಡ್' ಅಂತಲೇ ಬರೆದಿರುತ್ತೆ. ಆದ್ರೆ ಒಂದರ ಬೆಲೆ ಇನ್ನೊಂದಕ್ಕೆ ಐದು ಪಟ್ಟೋ ಹತ್ತು ಪಟ್ಟೋ ಇರುತ್ತೆ. ಫೋಟೊದಲ್ಲಿ ವ್ಯತ್ಯಾಸ ಕಾಣಲ್ಲ. ಹಾಗಾದ್ರೆ ಆ ದುಡ್ಡು ಯಾವುದಕ್ಕೆ?

ಅದಕ್ಕೆ ಮುಂಚೆ ಒಂದು ಪದ. 'ರಗ್ಗು' ಅಂದ್ರೆ ನಮ್ಮ ಕಡೆ ಚಳಿಗೆ ಹೊದ್ಕೊಳ್ಳೋದು. ನೆಲಕ್ಕೆ ಹಾಸೋದಕ್ಕೆ ಜಮಖಾನ ಅಂತೀವಿ, ಸ್ವಲ್ಪ ಭಾರಿಯಾದದ್ದಾದ್ರೆ ರತ್ನಗಂಬಳಿ ಅಂತೀವಿ. ರತ್ನಗಂಬಳಿ! ಅರಮನೆಯಲ್ಲಿ ಹಾಸೋ ಕಾರ್ಪೆಟ್ಟಿಗೆ ಕನ್ನಡ ಕೊಟ್ಟ ಹೆಸರಲ್ಲೂ ಕುರಿ ಕಾಯೋರ ಕಂಬಳಿನೇ ಇದೆ. ಬಾಗೇಪಲ್ಲಿ, ಚಿಂತಾಮಣಿ ಕಡೆಯ ತೆಲುಗು ಮನೆಗಳಲ್ಲಿ ಅದೇ ಕಂಬಳಿಯನ್ನ ಗೊಂಗಡಿ ಅಂತಾರೆ. ಹಾಗಾಗಿ ನಾವೂ ಕಂಬಳಿಯಿಂದಲೇ ಹೋಗೋಣ.

ಕಂಬಳಿಯ ಮೂಲ ಡೆಕ್ಕನಿ ಕುರಿ. ಕರಿ ಬಣ್ಣ, ಒರಟು ಉಣ್ಣೆ, ಬರ ಬಿಸಿಲು ಎರಡನ್ನೂ ತಡೆದುಕೊಳ್ಳೋ ಜಾತಿ. ವಾಡಿಕೆಯಲ್ಲಿ ವರ್ಷಕ್ಕೆ ಎರಡು ಸಲ ಕತ್ತರಿಯಲ್ಲಿ ಉಣ್ಣೆ ಕತ್ತರಿಸ್ತಾರೆ. ಮರಿಯ ಮೊದಲ ಉಣ್ಣೆ ಎಲ್ಲಕ್ಕಿಂತ ಮೆತ್ತಗೆ, ಅದನ್ನ ಬೇರೆ ಇಡ್ತಾರೆ. ಕತ್ತರಿಸಿದ ಉಣ್ಣೆಯಲ್ಲಿ ಮುಳ್ಳು, ಮಣ್ಣು, ಜಿಡ್ಡು ಎಲ್ಲ ಇರುತ್ತೆ. ಅದನ್ನ ಆರಿಸಿ, ಶುಚಿ ಮಾಡಿ, ಹಿಂಜಿ, ನೂಲಬೇಕು. ಹೆಚ್ಚಿನ ಕಡೆ ನೂಲೋದು ಹೆಂಗಸರು, ನೇಯೋದು ಗಂಡಸರು. ಕುರುಬ ಸಮುದಾಯದ ಮನೆಗಳಲ್ಲಿ ತಲೆಮಾರುಗಳಿಂದ ನಡೆದು ಬಂದ ಕೆಲಸ ಇದು.

ನೂಲನ್ನ ಹಾಗೇ ಮಗ್ಗಕ್ಕೆ ಏರಿಸೋಕಾಗಲ್ಲ. ಉಣ್ಣೆ ನೂಲು ಒಂದಕ್ಕೊಂದು ಅಂಟಿಕೊಳ್ಳುತ್ತೆ, ಉಜ್ಜಿ ಉಜ್ಜಿ ತುಂಡಾಗುತ್ತೆ. ಅದಕ್ಕೆ ಹುಣಸೆ ಬೀಜವನ್ನ ಪುಡಿ ಮಾಡಿ, ಬೇಯಿಸಿ, ಗಂಜಿ ಮಾಡ್ತಾರೆ. ಉದ್ದಕ್ಕೆ ಕಟ್ಟಿದ ಹಾಸಿನ ನೂಲಿಗೆ ಆ ಗಂಜಿಯನ್ನ ದೊಡ್ಡ ಬ್ರಷ್ಷಿನಲ್ಲಿ ಬಳಿದು ಬಿಸಿಲಲ್ಲಿ ಒಣಗಿಸ್ತಾರೆ. ನಮ್ಮ ತಾಲ್ಲೂಕುಗಳಲ್ಲಿ ಹುಣಸೆ ಮರಕ್ಕೆ ಬರವಿಲ್ಲ. ಹುಳಿ ಎತ್ತಿಟ್ಟ ಮೇಲೆ ಉಳಿಯೋ ಬೀಜಕ್ಕೆ ಇಂಥ ಒಂದು ಕೆಲಸ ಇದೆ ಅಂತ ಎಷ್ಟು ಜನಕ್ಕೆ ಗೊತ್ತು? ಆಮೇಲೆ ಗುಂಡಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ನೇಯ್ಗೆ. ಕೆಲವು ಕಂಬಳಿಗಳ ಅಂಚಿಗೆ ಬಣ್ಣದ ದಾರದಲ್ಲಿ ಹೊಲಿಗೆ ಹಾಕ್ತಾರೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಹಾವೇರಿ ಜಿಲ್ಲೆ ರಾಣೆಬೆನ್ನೂರು ತಾಲ್ಲೂಕಿನ ಮೆಡ್ಲೇರಿ, ಇವೆಲ್ಲ ಕಂಬಳಿಗೆ ಹೆಸರಾದ ಊರುಗಳು.

ಈ ಕಂಬಳಿಯನ್ನ ಮಳೆಗೆ ಕೊಪ್ಪೆ ಮಾಡ್ಕೊಂಡು ಹೊದೀತಾರೆ, ನೆಲಕ್ಕೆ ಹಾಸ್ತಾರೆ, ಪೂಜೆಗೆ ಮಡಚಿ ಗದ್ದುಗೆ ಹಾಕ್ತಾರೆ. ಆದ್ರೆ ಇದರ ಮೈತುಂಬ ಹೂವು ಬಳ್ಳಿ ಬಿಡಿಸೋ ಪದ್ಧತಿ ನಮ್ಮಲ್ಲಿ ಬೆಳೀಲಿಲ್ಲ. ಧಾರವಾಡದ ಕಸೂತಿ ಸೀರೆ ಕುಪ್ಪಸದ ಮೇಲೆ ಬೆಳೀತು. ಸಂಡೂರಿನ ಲಂಬಾಣಿ ಕಸೂತಿ ಹತ್ತಿ ಬಟ್ಟೆ ಮೇಲೆ ಬೆಳೀತು, ಅದಕ್ಕೆ ಜಿಐ ಮಾನ್ಯತೆಯೂ ಇದೆ. ಹಳೇ ಸೀರೆಗಳ ಕೌದಿ ಇದೆ. ಉಣ್ಣೆ ಮಾತ್ರ ತನ್ನ ಪಾಡಿಗೆ ಕರ್ರಗೆ ಉಳೀತು.

ಉಣ್ಣೆ ಮತ್ತು ಕಸೂತಿ ಜೊತೆಗೂಡಿದ್ದನ್ನ ನೋಡಬೇಕು ಅಂದ್ರೆ ನಮ್ಮೂರ ಹೈವೇ ಹಿಡಿದು ಕೊನೆವರೆಗೆ ಹೋಗಬೇಕು. ತಮಾಷೆ ಅಲ್ಲ. ಬಾಗೇಪಲ್ಲಿ, ಚಿಕ್ಕಬಳ್ಳಾಪುರ ದಾಟಿ ಬೆಂಗಳೂರಿಗೆ ಹೋಗೋ ಎನ್‌ಎಚ್ 44 ಇದೆಯಲ್ಲ, ಕನ್ಯಾಕುಮಾರಿವರೆಗೆ ಹೋಗೋ ಆ ರಸ್ತೆಯ ಇನ್ನೊಂದು ತುದಿ ಇರೋದು ಶ್ರೀನಗರದಲ್ಲಿ. ಕೈಕಸೂತಿಯ ಉಣ್ಣೆ ನೆಲಹಾಸಿಗೆ ಹೆಸರಾಗಿರೋ ಕಾಶ್ಮೀರ ಅದೇ.

ಅಲ್ಲಿ ಮುಖ್ಯವಾಗಿ ಮೂರು ಬಗೆ ಇದೆ. ಮೊದಲನೇದು ನಮ್ದಾ. ಇದಕ್ಕೆ ನೂಲೂ ಬೇಡ, ಮಗ್ಗವೂ ಬೇಡ. ಹಿಂಜಿದ ಉಣ್ಣೆಯನ್ನ ಚಾಪೆ ಮೇಲೆ ಪದರ ಪದರವಾಗಿ ಹರಡ್ತಾರೆ. ಮೇಲೆ ಸೋಪಿನ ನೀರು ಚಿಮುಕಿಸ್ತಾರೆ. ಚಾಪೆ ಸಮೇತ ಸುರುಳಿ ಸುತ್ತಿ, ಕಟ್ಟಿ, ಕಾಲಲ್ಲಿ ಉರುಳಿಸಿ ಉರುಳಿಸಿ ತುಳೀತಾರೆ. ಉಣ್ಣೆಯ ಒಂದೊಂದು ಎಳೆ ಮೇಲೂ ಮೀನಿನ ಹುರುಪೆ ತರಹ ಸಣ್ಣ ಸಣ್ಣ ಪದರ ಇರುತ್ತೆ. ಬಿಸಿ, ಒದ್ದೆ, ಒತ್ತಡ ಸೇರಿದಾಗ ಆ ಹುರುಪೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬಿಡಲ್ಲ. ಉಣ್ಣೆ ಸ್ವೆಟರ್ ವಾಷಿಂಗ್ ಮಷೀನಿಗೆ ಹಾಕಿದ್ರೆ ಮಕ್ಕಳ ಸೈಜಿಗೆ ಬರುತ್ತಲ್ಲ, ಅದೇ ಕ್ರಿಯೆ. ನಮಗೆ ಅದು ನಷ್ಟ, ಅವರಿಗೆ ಅದೇ ಕಸುಬು. ಹೀಗೆ ಗಟ್ಟಿಯಾದ ಹಾಸಿನ ಮೇಲೆ ಆಮೇಲೆ ಬಣ್ಣದ ಉಣ್ಣೆ ದಾರದಲ್ಲಿ ಹೂವು ಬಿಡಿಸ್ತಾರೆ.

ಎರಡನೇದು ಗಬ್ಬಾ. ಹಳೇ ಉಣ್ಣೆ ಕಂಬಳಿಗಳನ್ನ ತೊಳೆದು, ಬಣ್ಣ ಹಾಕಿ, ತುಂಡು ಜೋಡಿಸಿ, ಮೇಲೆ ಕಸೂತಿ ಹಾಕೋದು. ನಮ್ಮ ಕೌದಿಯ ಉಣ್ಣೆ ನೆಂಟ ಅಂದ್ಕೊಳ್ಳಿ. ಅನಂತನಾಗ್ ಕಡೆ ಇದಕ್ಕೆ ಹೆಸರು.

ಮೂರನೇದು ಚೈನ್ ಸ್ಟಿಚ್ ರಗ್. ಕೆಳಗೆ ಗೋಣಿ ಅಥವಾ ದಪ್ಪ ಹತ್ತಿ ಬಟ್ಟೆ ಇರುತ್ತೆ. ಅದು ಒಂದು ಚೂರೂ ಕಾಣದ ಹಾಗೆ ಪೂರ್ತಿ ಉಣ್ಣೆ ದಾರದ ಸರಪಳಿ ಹೊಲಿಗೆಯಿಂದ ಮುಚ್ಚಿಬಿಡ್ತಾರೆ. ಮೊದಲು ಹೂವಿನ ಅಂಚು, ಆಮೇಲೆ ಒಳಗಿನ ಬಣ್ಣ, ಕೊನೆಗೆ ಹಿನ್ನೆಲೆ. ಹಿನ್ನೆಲೆಯನ್ನ ಬಹಳ ಸಲ ನಾಣ್ಯದಂಥ ಸಣ್ಣ ಸಣ್ಣ ಸುರುಳಿಗಳಲ್ಲಿ ತುಂಬಿಸ್ತಾರೆ. ಎಲ್ಲ ಮುಗಿದ ಮೇಲೆ ತೊಳೆದು, ಎಳೆದು ಒಣಗಿಸಿ, ಹಿಂದೆ ಒಂದು ಬಟ್ಟೆ ಕೊಟ್ಟು ಹೊಲೀತಾರೆ.

ಇಷ್ಟನ್ನೂ ಮಾಡೋ ಸಾಧನ ಯಾವುದು ಗೊತ್ತಾ? ಆರಿ. ಹೌದು, ನೀವು ಅಂದ್ಕೊಂಡ ಅದೇ ಆರಿ. ನಮ್ಮ ನಾಲ್ಕೂ ಊರಲ್ಲಿ ಮದುವೆ ಸೀಸನ್ ಬಂದ್ರೆ 'ಆರಿ ವರ್ಕ್ ಬ್ಲೌಸ್' ಬೋರ್ಡ್ ಕಾಣದ ರಸ್ತೆ ಇಲ್ಲ. ತುದಿಯಲ್ಲಿ ಸಣ್ಣ ಕೊಕ್ಕೆ ಇರೋ ಸೂಜಿ. ಮೇಲಿನ ಕೈ ಸೂಜಿಯನ್ನ ಬಟ್ಟೆಗೆ ಚುಚ್ಚುತ್ತೆ, ಕೆಳಗಿನ ಕೈ ಕೊಕ್ಕೆಗೆ ದಾರ ಸಿಕ್ಕಿಸುತ್ತೆ, ಮೇಲಿನ ಕೈ ಆ ಕುಣಿಕೆಯನ್ನ ಎಳೀತದೆ. ಮುಂದಿನ ಕುಣಿಕೆ ಹಿಂದಿನ ಕುಣಿಕೆ ಒಳಗಿಂದ ಬರುತ್ತೆ. ಡಿಸೈನ್ ಇಳಿಸೋ ರೀತಿ ಕೂಡ ಒಂದೇ. ಕಾಗದದ ಮೇಲೆ ಗೆರೆ ಬರೆದು, ಗೆರೆ ಉದ್ದಕ್ಕೂ ಸೂಜಿಯಲ್ಲಿ ತೂತು ಮಾಡಿ, ಮೇಲೆ ಪುಡಿ ಉಜ್ಜೋದು. ಶ್ರೀನಗರದಲ್ಲೂ ಹಾಗೇ, ಚಿಂತಾಮಣಿಯಲ್ಲೂ ಹಾಗೇ. ಅಲ್ಲಿ ದಪ್ಪ ಉಣ್ಣೆ ದಾರ, ಸ್ವಲ್ಪ ದಪ್ಪ ಸೂಜಿ. ಇಲ್ಲಿ ಜರಿ ದಾರ, ಮಣಿ, ಸಣ್ಣ ಸೂಜಿ.

ಸರಪಳಿ ಹೊಲಿಗೆಗೆ ಒಂದು ದೌರ್ಬಲ್ಯ ಇದೆ. ಅಕ್ಕಿ ಮೂಟೆ ಬಾಯಿ ಬಿಚ್ಚೋವಾಗ ಸರಿಯಾದ ಎಳೆ ಸಿಕ್ಕಿದ್ರೆ ಒಂದೇ ಎಳೆತಕ್ಕೆ ಸರ್ರಂತ ಬಿಚ್ಚಿಕೊಳ್ಳುತ್ತಲ್ಲ? ಅದೂ ಸರಪಳಿ ಹೊಲಿಗೆನೇ. ನೆಲಹಾಸಲ್ಲೂ ಒಂದೊಂದು ದಾರದ ಕೊನೆಯನ್ನ ಭದ್ರ ಮಾಡದಿದ್ರೆ ಹೂವಿಗೆ ಹೂವೇ ಬಿಚ್ಚಿ ಹೋಗುತ್ತೆ. ನುರಿತ ಕೈಯ ಬೆಲೆ ಇರೋದು ಹೂವಿನ ಅಂದದಲ್ಲಿ ಎಷ್ಟೋ, ಕಣ್ಣಿಗೆ ಕಾಣದ ಈ ಗಂಟಲ್ಲೂ ಅಷ್ಟೇ.

ಈಗ ಲೆಕ್ಕಕ್ಕೆ ಬರೋಣ. ಇದು ನಾನೇ ಉದಾಹರಣೆಗೆ ಹಾಕಿದ ಲೆಕ್ಕ, ಅಂಕಿಗಳನ್ನ ನಿಮ್ಮೂರಿನ ರೇಟಿಗೆ ಬದಲಾಯಿಸ್ಕೊಳ್ಳಿ. 3 ಅಡಿ ಅಗಲ, 5 ಅಡಿ ಉದ್ದ, ಒಟ್ಟು 15 ಚದರಡಿ. ಒಂದು ಚದರಡಿ ತುಂಬಿಸೋಕೆ ಒಂದು ದಿನ ಅಂತ ಇಟ್ಕೊಳ್ಳೋಣ. 15 ದಿನ. ದಿನಕ್ಕೆ 500 ರೂಪಾಯಿ ಕೂಲಿ ಅಂದ್ರೆ 7,500. ಉಣ್ಣೆ ದಾರ, ಕೆಳಗಿನ ಬಟ್ಟೆ, ಹಿಂದಿನ ಬಟ್ಟೆ ಸೇರಿ 2,000. ಡಿಸೈನ್, ತೊಳೆಯೋದು ಸೇರಿ 500. ಒಟ್ಟು 10,000. ಇನ್ನೂ ಸಾಗಣೆ ಬಂದಿಲ್ಲ, ತೆರಿಗೆ ಬಂದಿಲ್ಲ, ಅಂಗಡಿಯವರ ಲಾಭ ಬಂದಿಲ್ಲ.

ಅದೇ ಅಳತೆಯದ್ದು 2,500 ರೂಪಾಯಿಗೆ ಸಿಗ್ತಿದೆ ಅಂದ್ಕೊಳ್ಳಿ. ಸಾಮಾನು, ಡಿಸೈನ್ ಖರ್ಚು ಕಳೆದ್ರೆ 15 ದಿನದ ಕೂಲಿಗೆ ಉಳಿಯೋದು ಸೊನ್ನೆ. ಸೊನ್ನೆಗೆ ಯಾರೂ ಕೂತು ಕೆಲಸ ಮಾಡಲ್ಲ. ಅಂದ್ಮೇಲೆ ಮೂರರಲ್ಲಿ ಒಂದು ಸುಳ್ಳಿರಬೇಕು. ಅದು ಉಣ್ಣೆ ಅಲ್ಲದೆ ಅಕ್ರಿಲಿಕ್ ಇರಬಹುದು. ಅಥವಾ ಕೈ ಬದಲು ಮಷೀನ್ ಓಡಿರಬಹುದು. ಎರಡೂ ನಿಜವಾಗಿದ್ರೆ, ಯಾರೋ ಒಬ್ಬರ ಕೂಲಿ ನುಂಗಿರಬಹುದು. ಮೊದಲ ಎರಡು ನಮಗೆ ಆಗೋ ಮೋಸ. ಮೂರನೇದು ನಮ್ಮ ದುಡ್ಡಲ್ಲಿ ಬೇರೆಯವರಿಗೆ ಆಗೋ ಮೋಸ.

ಕಾಶ್ಮೀರದಲ್ಲಿ ಇದರ ಪರಿಣಾಮ ಏನಾಯ್ತು ಅಂತಲೂ ನೋಡಿ. 1998ರಿಂದ 2008ರ ನಡುವೆ ನಮ್ದಾ ರಫ್ತು ಹೆಚ್ಚುಕಮ್ಮಿ ಪೂರ್ತಿ ನಿಂತೇ ಹೋಯ್ತು ಅಂತ ಕೇಂದ್ರ ಸರ್ಕಾರವೇ ಹೇಳಿದೆ. ಕೊಟ್ಟ ಕಾರಣಗಳು ಕಚ್ಚಾ ಉಣ್ಣೆ ಸಾಲದು, ಕೆಲಸ ಬಲ್ಲೋರು ಸಾಲದು, ಮಾರೋ ದಾರಿ ಗೊತ್ತಿಲ್ಲ. ಆಮೇಲೆ ಕೌಶಲ ತರಬೇತಿ ಯೋಜನೆಯಲ್ಲಿ 6 ಜಿಲ್ಲೆಗಳ ಸುಮಾರು 2,200 ಮಂದಿಗೆ ಈ ಕೆಲಸ ಕಲಿಸಿದ್ರು. 2023ರ ಜುಲೈನಲ್ಲಿ ಅವರು ಮಾಡಿದ ನಮ್ದಾಗಳ ಮೊದಲ ಕಂತು ಬ್ರಿಟನ್ನಿಗೆ ಹೊರಡ್ತು. ಅಂದ್ರೆ ಹೋದ ಕಸುಬು ವಾಪಸ್ ಬರೋದು ಸಾಧ್ಯ. ಆದ್ರೆ ಉಣ್ಣೆ, ಕೈ, ಮಾರುಕಟ್ಟೆ ಮೂರನ್ನೂ ಒಟ್ಟಿಗೆ ಎತ್ತಬೇಕು.

ಈಗ ನಮ್ಮೂರಿಗೆ ವಾಪಸ್. ಶಿಡ್ಲಘಟ್ಟದವರಿಗೆ ಮುಂದಿನ ಮಾತು ಬೇಗ ಅರ್ಥ ಆಗುತ್ತೆ. ರೇಷ್ಮೆಯೂ ಪ್ರಾಣಿಯಿಂದ ಬರೋ ಎಳೆ, ಉಣ್ಣೆಯೂ ಪ್ರಾಣಿಯಿಂದ ಬರೋ ಎಳೆ. ಆದ್ರೆ ರೇಷ್ಮೆ ಗೂಡಿಗೆ ಸರ್ಕಾರಿ ಮಾರುಕಟ್ಟೆ ಇದೆ. ಲಾಟ್ ನಂಬರ್ ಬೀಳುತ್ತೆ, ರೀಲರ್‌ಗಳು ಹರಾಜಲ್ಲಿ ಪೈಪೋಟಿಗೆ ಬೀಳ್ತಾರೆ, ತೂಕ ಎಲ್ಲರ ಕಣ್ಣೆದುರು ನಡೆಯುತ್ತೆ. ಇವತ್ತು ಗೂಡು ಎಷ್ಟಕ್ಕೆ ಹೋಯ್ತು ಅಂತ ಮಧ್ಯಾಹ್ನದೊಳಗೆ ಊರೂರಿಗೆ ಗೊತ್ತಾಗುತ್ತೆ. ರೇಟು ಬಿದ್ದಾಗ ರೈತರು ಬೈಕೊಳ್ತಾರೆ ನಿಜ. ಆದ್ರೆ ಬೈಯೋಕಾದ್ರೂ ಒಂದು ರೇಟು ಅಂತ ಇದೆ.

ಉಣ್ಣೆಗೆ ನಮ್ಮ ಕಡೆ ಅಂಥದ್ದೇನಿದೆ? ಇವತ್ತು ಕುರಿ ಸಾಕೋದೇ ಹೆಚ್ಚಾಗಿ ಮಾಂಸಕ್ಕೆ. ಉಣ್ಣೆ ಬಿಡೋ ಕುರಿ ಇದ್ರೂ, ಕತ್ತರಿಸೋರಿಗೆ ಕೊಡೋ ಕೂಲಿಯೇ ಉಣ್ಣೆಗೆ ಸಿಗೋ ಬೆಲೆಗಿಂತ ಜಾಸ್ತಿ ಆಗೋ ಪರಿಸ್ಥಿತಿ ಡೆಕ್ಕನ್ ಸೀಮೆಯುದ್ದಕ್ಕೂ ಇದೆ. ಹಾಗಾಗಿ ಎಷ್ಟೋ ಕಡೆ ಕತ್ತರಿಸಿದ ಉಣ್ಣೆ ಬೇಲಿ ಪಾಲು. ಬೆಂಗಳೂರಲ್ಲಿ ಕರ್ನಾಟಕ ಕುರಿ ಮತ್ತು ಉಣ್ಣೆ ಅಭಿವೃದ್ಧಿ ನಿಗಮ ಇದೆ, ಹೆಸರಲ್ಲೇ ಕುರಿಯೂ ಇದೆ ಉಣ್ಣೆಯೂ ಇದೆ. ಕುರಿಗೆ ಸಂತೆಯಲ್ಲಿ ಬೆಲೆ ಸಿಕ್ತು, ಉಣ್ಣೆಗೆ ಸಿಗಲಿಲ್ಲ.

ಒರಟು ಉಣ್ಣೆ ಯಾರಿಗೆ ಬೇಕು ಅಂತ ಕೇಳಬಹುದು. ಜವಳಿ ಸಚಿವಾಲಯದ ಲೆಕ್ಕದಲ್ಲಿ ದೇಶದ ಒಟ್ಟು ಉಣ್ಣೆಯಲ್ಲಿ ಬಟ್ಟೆಗೆ ಆಗೋಂಥ ನಯವಾದ್ದು ಬರೀ 5 ಪರ್ಸೆಂಟ್. 85 ಪರ್ಸೆಂಟ್ ಕಾರ್ಪೆಟ್ ದರ್ಜೆ, ಉಳಿದ 10 ಪರ್ಸೆಂಟ್ ಇನ್ನೂ ಒರಟು, ಕಂಬಳಿಗೆ ಹೋಗೋದು. ಸ್ವೆಟರ್ ಮಾಡಿದ್ರೆ ಕುತ್ತಿಗೆಗೆ ಚುಚ್ಚುತ್ತೆ, ಸರಿ. ಆದ್ರೆ ನೆಲಹಾಸಿಗೆ ಬೇಕಾಗಿರೋ ಗುಣ ಬೇರೆ. ತುಳಿದ್ರೂ ಬೇಗ ಸವೀಬಾರದು, ಧೂಳು ಕೊಡವಿದ್ರೆ ಹೋಗಬೇಕು, ಒತ್ತಿದ್ರೂ ಮತ್ತೆ ಎದ್ದು ನಿಲ್ಲಬೇಕು. ಅದಕ್ಕೆ ಒರಟು ಎಳೆ ಒಳ್ಳೇದೇ.

ಹಾಗಾಗಿ ನನ್ನ ಮಾತು ಇಷ್ಟು. ನಮ್ಮ ಜಿಲ್ಲೆಯಲ್ಲಿ ಆರಿ ಸೂಜಿ ಹಿಡಿಯೋ ಕೈಗಳಿವೆ. ಯೂಟ್ಯೂಬ್ ನೋಡಿ ಕಲಿತೋರಿದ್ದಾರೆ, ಕ್ಲಾಸಿಗೆ ಹೋಗಿ ಕಲಿತೋರಿದ್ದಾರೆ. ಗೌರಿಬಿದನೂರಿನ ಗಾರ್ಮೆಂಟ್ಸ್‌ನಲ್ಲಿ ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್ ಮುಗಿಸಿ ಬಂದು, ರಾತ್ರಿ ಬ್ಲೌಸ್‌ಗೆ ಆರಿ ಹಾಕೋ ಅಕ್ಕಂದಿರೂ ಇದ್ದಾರೆ. ಚಳ್ಳಕೆರೆ, ಮೆಡ್ಲೇರಿಯಲ್ಲಿ ಕಂಬಳಿ ಇದೆ. ಕಂಬಳಿ ಮೇಲೆ ಉಣ್ಣೆ ದಾರದ ಆರಿ ಹಾಕಿ ನೋಡೋಕೆ ದೊಡ್ಡ ಬಂಡವಾಳ ಬೇಡ. ಮೊದಲು ಒಂದೇ ಒಂದು ಚದರಡಿ ಸಾಕು, ಒಂದು ಆಸನದಷ್ಟು. ಬ್ಲೌಸಿನ ಸಣ್ಣ ಸೂಜಿ ನಡೆಯಲ್ಲ, ದಪ್ಪ ದಾರಕ್ಕೆ ದೊಡ್ಡ ಕೊಕ್ಕೆಯ ಸೂಜಿ ಬೇಕು. ಕಂಬಳಿಯನ್ನ ಮೊದಲು ನೆನೆಸಿ ಒಣಗಿಸಿ, ಕುಗ್ಗೋದೆಲ್ಲ ಕುಗ್ಗಲಿ, ಇಲ್ಲದಿದ್ರೆ ಹೂವು ಸುಕ್ಕಾಗುತ್ತೆ.

ಅದಕ್ಕಿಂತ ಮುಖ್ಯ, ಸೂಜಿ ಹಿಡಿಯೋಕೆ ಮುಂಚೆ ಫೋನಲ್ಲಿ ಸ್ಟಾಪ್‌ವಾಚ್ ಆನ್ ಮಾಡಿ. ಆ ಒಂದು ಚದರಡಿಗೆ ಎಷ್ಟು ಗಂಟೆ ಹಿಡೀತು ಅಂತ ಬರೆದಿಡಿ. ಮನೆಯಲ್ಲಿ ಕೂತು ಪೀಸ್ ಲೆಕ್ಕದಲ್ಲಿ ಕೆಲಸ ಮಾಡೋರು ಸಾಮಾನ್ಯವಾಗಿ ಗಂಟೆ ಲೆಕ್ಕ ಇಡಲ್ಲ. ಮಧ್ಯೆ ಎದ್ದು ಅನ್ನಕ್ಕಿಡ್ತಾರೆ, ಮಗೂನ ಮಲಗಿಸ್ತಾರೆ, ಮತ್ತೆ ಕೂರ್ತಾರೆ. ಕೊನೆಗೆ 'ಎಷ್ಟು ಕೊಡ್ಲಿ?' ಅಂತ ಕೇಳಿದ್ರೆ 'ನೀವೇ ನೋಡಿ ಕೊಡಿ ಅಕ್ಕ' ಅಂತಾರೆ. ಗಂಟೆ ಗೊತ್ತಿಲ್ಲದೆ ಬೆಲೆ ಹೇಳಿದ್ರೆ ಯಾವಾಗಲೂ ಕಮ್ಮಿನೇ ಹೇಳ್ತೀವಿ. ಬ್ಲೌಸ್ ಮಾಡೋರೂ ಇದನ್ನ ಈ ವಾರವೇ ಮಾಡಿ ನೋಡಬಹುದು. ಬಂದ ದುಡ್ಡನ್ನ ಗಂಟೆಯಿಂದ ಭಾಗಿಸಿ. ಬರೋ ಉತ್ತರ ಇಷ್ಟ ಆಗದೇ ಇರಬಹುದು, ಆದ್ರೆ ಮುಂದಿನ ಸಲ ಬೆಲೆ ಮಾತಾಡೋವಾಗ ಕೈಯಲ್ಲಿ ಒಂದು ಅಂಕಿ ಇರುತ್ತೆ.

ಕೊಳ್ಳೋರಿಗೂ ನಾಲ್ಕು ಮಾತು. ಒಂದು, ತಿರುಗಿಸಿ ನೋಡಿ. ಕೈಯಲ್ಲಿ ಹಾಕಿದ ಸರಪಳಿ ಹೊಲಿಗೆಯ ಹಿಂಬದಿಯಲ್ಲಿ ಸಣ್ಣ ಸಣ್ಣ ಗೆರೆಯಂಥ ಹೊಲಿಗೆ ಕಾಣುತ್ತೆ. ಉದ್ದ ಒಂದೇ ಸಮ ಇರಲ್ಲ, ಬಣ್ಣ ಬದಲಾದ ಕಡೆ ದಾರದ ತುದಿ ಸಿಗುತ್ತೆ. ಅಳತೆಪಟ್ಟಿ ಇಟ್ಟ ಹಾಗೆ ಎಲ್ಲವೂ ಒಂದೇ ಸಮ ಇದ್ರೆ ಮಷೀನ್ ಇರಬಹುದು. ಹಿಂದೆ ಬಟ್ಟೆ ಹೊಲಿದಿದ್ರೆ, ಹೊಲಿಗೆ ಹಾಕದ ಇನ್ನೊಂದು ಪೀಸ್ ತೋರಿಸಿ ಅಂತ ಕೇಳಿ. ರಬ್ಬರ್ ತರಹದ ಅಂಟು ಬಳಿದಿದ್ರೆ ಅದು ಬೇರೆಯೇ ಜಾತಿ, ಕಸೂತಿ ಅಲ್ಲ.

ಎರಡು, ಒಂದು ಎಳೆ ಸುಟ್ಟು ನೋಡಿ. ಅಂಗಡಿಯವರನ್ನ ಕೇಳಿಯೇ ಮಾಡಿ. ಉಣ್ಣೆ ಸುಟ್ರೆ ಕೂದಲು ಸುಟ್ಟ ವಾಸನೆ, ಬೆಂಕಿ ತೆಗೆದ್ರೆ ತಾನೇ ಆರುತ್ತೆ, ಬೂದಿ ಬೆರಳಲ್ಲಿ ಪುಡಿ ಆಗುತ್ತೆ. ಅಕ್ರಿಲಿಕ್ ಆದ್ರೆ ಕರಗಿ, ಆರಿದ ಮೇಲೆ ಗಟ್ಟಿ ಮಣಿಯಾಗುತ್ತೆ.

ಮೂರು, ಯಾರು ಮಾಡಿದ್ದು, ಎಷ್ಟು ದಿನ ಹಿಡೀತು ಅಂತ ಕೇಳಿ. ಉತ್ತರ ಗೊತ್ತಿರೋರು ಸಾಮಾನ್ಯವಾಗಿ ಖುಷಿಯಿಂದ ಹೇಳ್ತಾರೆ. ಚೌಕಾಸಿ ಮಾಡಬೇಡಿ ಅಂತ ನಾನು ಹೇಳಲ್ಲ, ಚಿಂತಾಮಣಿ ಸಂತೆಯಲ್ಲಿ ಬೆಳೆದೋರಿಗೆ ಹೇಳಿದ್ರೂ ಕೇಳಲ್ಲ. ದಿನದ ಲೆಕ್ಕ ಮನಸ್ಸಲ್ಲಿ ಇಟ್ಕೊಂಡು ಚೌಕಾಸಿ ಮಾಡಿ, ಅಷ್ಟೇ.

ನಾಲ್ಕು, ಮನೆಗೆ ತಂದ ಮೇಲೆ ನೋಡ್ಕೊಳ್ಳಿ. ಉಣ್ಣೆಗೆ ಹುಳ ಬೀಳುತ್ತೆ. ಆಗಾಗ ಕೊಡವಿ, ಬಿಸಿಲಿಗೆ ಹಾಕಿ, ಎತ್ತಿಡೋವಾಗ ಒಣಗಿದ ಬೇವಿನ ಎಲೆ ಇಡಿ. ಮಷೀನಿಗೆ ಮಾತ್ರ ಹಾಕಬೇಡಿ. ಯಾಕೆ ಅಂತ ಆಗಲೇ ಹೇಳಿದ್ದೀನಿ, ಹುರುಪೆ ಕಥೆ.

ಕೊನೆಯದಾಗಿ ನಿಮ್ಮಿಂದ ಒಂದು ಸಹಾಯ. ನಿಮ್ಮ ಮನೇಲಿ ಅಟ್ಟದ ಮೇಲೋ ಬೀರುವಿನಲ್ಲೋ ಹಳೇ ಕಂಬಳಿ ಇದ್ರೆ ಇಳಿಸಿ. ಅಜ್ಜಿ ತಾತ ಇದ್ರೆ, ಅದನ್ನ ಯಾರು ನೇಯ್ದದ್ದು, ಎಲ್ಲಿಂದ ತಂದದ್ದು, ಆಗ ಏನು ಕೊಟ್ರು ಅಂತ ಕೇಳಿ. ದುಡ್ಡು ಕೊಟ್ರೋ, ರಾಗಿ ಕೊಟ್ರೋ? ಕನ್ನಡದಲ್ಲೋ ತೆಲುಗಲ್ಲೋ, ಅವರ ಮಾತಲ್ಲೇ ಒಂದು ವಾಯ್ಸ್ ನೋಟ್ ಮಾಡಿ ಕಳಿಸಿ. ಆ ಹಳೇ ಬೆಲೆಗಳನ್ನೆಲ್ಲ ಜೋಡಿಸಿ, ಒಂದು ಕಂಬಳಿಗೆ ಆಗ ಎಷ್ಟು ದಿನದ ಕೂಲಿ ಆಗ್ತಿತ್ತು, ಈಗ ಎಷ್ಟಾಗುತ್ತೆ ಅಂತ ಮುಂದಿನ ಸಂಚಿಕೆಯಲ್ಲಿ ಲೆಕ್ಕ ಹಾಕೋಣ.